ಫೆರಿಟಿನ್ ಪರೀಕ್ಷೆ: ಚೀಟಿ ಬರೆಸುವುದರಿಂದ ರಿಪೋರ್ಟ್ ಓದುವವರೆಗೆ

"ಹೀಮೋಗ್ಲೋಬಿನ್ 12.4 ಇದೆ, ಏನೂ ತೊಂದರೆ ಇಲ್ಲ ಅಂದ್ರು. ಆದ್ರೆ ಎರಡು ಮಹಡಿ ಹತ್ತೋಷ್ಟರಲ್ಲಿ ಕಾಲು ಸೋತು ಹೋಗುತ್ತೆ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ರಿಪೋರ್ಟ್ ತರಿಸಿ ನೋಡಿದರೆ ಹೆಚ್ಚು ಕಡಿಮೆ ಒಂದೇ ಕತೆ. ಒಂದೋ ಬೇಕಾದ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ, ಇಲ್ಲವೇ ಮಾಡಿಸಬಾರದ ದಿನ ಮಾಡಿಸಿರುತ್ತಾರೆ, ಅದೂ ಅಲ್ಲದಿದ್ದರೆ ದಪ್ಪ ಅಕ್ಷರದಲ್ಲಿ ಏನೂ ಇಲ್ಲ ಅಂತ ರಿಪೋರ್ಟನ್ನು ಮಡಚಿಟ್ಟಿರುತ್ತಾರೆ. ಈ ಮೂರು ತಪ್ಪನ್ನೂ ನಾನು ಮಾಡಿದ್ದೇನೆ.

ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಹೀಮೋಗ್ಲೋಬಿನ್ ಅಂದರೆ ಅಡುಗೆಮನೆ ಡಬ್ಬಿಯಲ್ಲಿರುವ ರಾಗಿ ಹಿಟ್ಟು. ಫೆರಿಟಿನ್ ಹೇಳುವುದು ಕಣಜದಲ್ಲಿ ಎಷ್ಟು ರಾಗಿ ಉಳಿದಿದೆ, ಅಂದರೆ ಮೈಯಲ್ಲಿ ಎಷ್ಟು ಕಬ್ಬಿಣದ ದಾಸ್ತಾನಿದೆ ಅಂತ. ಕಣಜ ಬರಿದಾಗುವವರೆಗೂ ಮನೆಯವರು ಡಬ್ಬಿ ತುಂಬಿಸುತ್ತಲೇ ಇರುತ್ತಾರೆ, ಅಲ್ವಾ? ದೇಹವೂ ಹಾಗೇ ಮಾಡುತ್ತದೆ. ಡಬ್ಬಿ ತಳ ಕಾಣುವ ಹೊತ್ತಿಗೆ ಕಣಜದಲ್ಲಿ ಕಾಳಿರುವುದಿಲ್ಲ. ಅದಕ್ಕೇ ಡಬ್ಬಿಯನ್ನಷ್ಟೇ ನೋಡಿ ಮನೆಯಲ್ಲಿ ದವಸ ಇದೆ ಅನ್ನಬಾರದು.

## ಮೊದಲು ಇದನ್ನು ನೋಡಿ: ಲ್ಯಾಬ್‌ಗಲ್ಲ, ಆಸ್ಪತ್ರೆಗೆ ಹೋಗಬೇಕಾದವರು

ಕೂತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು, ಸುಮ್ನೆ ಕೂತಿದ್ದರೂ ಎದೆ ಡವಡವ ಅನ್ನುವುದು. ಇವುಗಳಲ್ಲಿ ಒಂದಿದ್ದರೂ ಈ ಬರಹ ಆಮೇಲೆ ಓದಿ, ಈಗ ಡಾಕ್ಟರ್ ಹತ್ತಿರ ಹೋಗಿ. ಹೀಮೋಗ್ಲೋಬಿನ್ 7ಕ್ಕಿಂತ ಕಡಿಮೆ ಬಂದಿದ್ದರೂ ಅಷ್ಟೇ. ಗರ್ಭಿಣಿಗೆ ಈ ಸಂಖ್ಯೆ ಬಂದರೆ ಒಂದು ದಿನವೂ ತಡ ಮಾಡುವ ಹಾಗಿಲ್ಲ.

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು. ಐರನ್ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಹಸಿರು ಛಾಯೆಯ ಕಪ್ಪು, ಅಷ್ಟು ಅಂಟೂ ಇರುವುದಿಲ್ಲ. ಅನುಮಾನ ಬಂದರೆ ನೀವೇ ತೀರ್ಮಾನಿಸಬೇಡಿ, ತೋರಿಸಿಬಿಡಿ.

## ಹಂತ 1: ಚೀಟಿಯಲ್ಲಿ ಪರೀಕ್ಷೆಯ ಹೆಸರು ಸರಿಯಾಗಿ ಬರೆಸಿ

ಅತಿ ಜಾಸ್ತಿ ಜನ ಎಡವುವುದು ಇಲ್ಲೇ. ಲ್ಯಾಬ್ ಕೌಂಟರಿನಲ್ಲಿ ನಿಂತು "ಐರನ್ ಟೆಸ್ಟ್ ಮಾಡಿ" ಅಂದರೆ ಅವರು ಸೀರಮ್ ಐರನ್ ಮಾಡಿ ಕಳಿಸುತ್ತಾರೆ. ಅದು ಆ ಗಳಿಗೆಯಲ್ಲಿ ರಕ್ತದಲ್ಲಿ ಓಡಾಡುತ್ತಿರುವ ಕಬ್ಬಿಣ ಅಷ್ಟೇ. ಕಣಜದಿಂದ ಅಡುಗೆಮನೆಗೆ ಹೋಗುತ್ತಿರುವ ಒಂದು ಮೊರದ ರಾಗಿ ಅಂದುಕೊಳ್ಳಿ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಮಾತ್ರೆ ನುಂಗಿ ಮೂರು ಗಂಟೆಯಾದ ಮೇಲೆ ಮತ್ತೊಂದು. ಅದೊಂದನ್ನೇ ನೋಡಿ ಯಾವ ತೀರ್ಮಾನಕ್ಕೂ ಬರಲಾಗದು.

"ಐರನ್ ಪ್ರೊಫೈಲ್" ಅಂತ ಕೇಳಿದರೆ ಸಾಕಲ್ಲ ಅನ್ನಬಹುದು. ಸಾಲದು. ಎಷ್ಟೋ ಲ್ಯಾಬ್‌ಗಳ ಐರನ್ ಪ್ರೊಫೈಲಿನಲ್ಲಿ ಫೆರಿಟಿನ್ ಇರುವುದೇ ಇಲ್ಲ, ಅದಕ್ಕೆ ಬೇರೆ ದುಡ್ಡು. ದುಡ್ಡು ಕಟ್ಟುವ ಮೊದಲು ಪಟ್ಟಿ ತೋರಿಸಿ ಅನ್ನಿ.

ಡಾಕ್ಟರ್ ಹತ್ತಿರ ಇವಿಷ್ಟನ್ನು ಕೇಳಿ ಬರೆಸಿಕೊಳ್ಳಿ:

1. ಸೀರಮ್ ಫೆರಿಟಿನ್. ಇದು ಕಣಜದ ಅಳತೆ.
2. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ಇದರಲ್ಲಿ ಹೀಮೋಗ್ಲೋಬಿನ್ ಜೊತೆಗೆ ಕೆಂಪು ರಕ್ತಕಣದ ಸಂಖ್ಯೆ, ಅವುಗಳ ಗಾತ್ರ (ಎಂಸಿವಿ) ಸಿಗುತ್ತದೆ.
3. ಸೀರಮ್ ಐರನ್ ಮತ್ತು ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಅಳತೆ). ಇವೆರಡರಿಂದ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ಹೊರಬಲ್ಲದ್ದರಲ್ಲಿ ಶೇಕಡಾ ಎಷ್ಟು ತುಂಬಿದೆ ಅನ್ನುವ ಲೆಕ್ಕ ಬರುತ್ತದೆ.
4. ಸಿಆರ್‌ಪಿ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದೆಯಾ ಅಂತ ಹೇಳುವುದು ಇದು. ಏಕೆ ಬೇಕು ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲ ಎರಡು ಸಾಕು. ಉಳಿದದ್ದು ಬೇಕಾ ಅಂತ ಅವುಗಳ ಫಲಿತಾಂಶ ಬಂದ ಮೇಲೆ ನೋಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಬೆರಳು ಚುಚ್ಚಿ ನೋಡುವುದು ಹೀಮೋಗ್ಲೋಬಿನ್ ಮಾತ್ರ, ಅಂದರೆ ಡಬ್ಬಿ ಮಾತ್ರ. ರಕ್ತದಾನ ಶಿಬಿರದಲ್ಲೂ ಅಷ್ಟೇ. ವರ್ಷಕ್ಕೆ ಮೂರ್ನಾಲ್ಕು ಸಲ ರಕ್ತ ಕೊಡುವವರೇ, ನಿಮಗೊಂದು ಮಾತು: 450 ಮಿ.ಲೀ. ರಕ್ತ ಕೊಟ್ಟಾಗ 200ರಿಂದ 250 ಮಿ.ಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಶಿಬಿರದಲ್ಲಿ 12.5 ದಾಟಿತು ಅಂತ ಖುಷಿಪಡುವುದರ ಜೊತೆ ವರ್ಷಕ್ಕೊಮ್ಮೆ ಫೆರಿಟಿನ್ ಕೂಡ ನೋಡಿಸಿಕೊಳ್ಳಿ.

## ಹಂತ 2: ಸರಿಯಾದ ದಿನ ಆರಿಸಿ

ನಾನು ಕೆಟ್ಟದ್ದು ಇಲ್ಲಿ. ಜ್ವರ ಬಂದು ಬಿಟ್ಟು ನಾಲ್ಕು ದಿನವಾಗಿತ್ತು. ಹೇಗೂ ಲ್ಯಾಬ್‌ಗೆ ಬಂದಿದ್ದೇನಲ್ಲ ಅಂತ ಫೆರಿಟಿನ್‌ಗೂ ರಕ್ತ ಕೊಟ್ಟೆ. 62 ಬಂತು. ನೆಮ್ಮದಿಯಾಗಿ ಆರು ತಿಂಗಳು ಸುಸ್ತಿನಲ್ಲೇ ಕಳೆದೆ. ಆಮೇಲೆ ಮೈ ಸರಿ ಇದ್ದಾಗ ಮಾಡಿಸಿದರೆ 11.

ಆಗುವುದು ಇಷ್ಟು. ಸೋಂಕು ತಗುಲಿದಾಗ ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅದು ಅವುಗಳ ಕೈಗೆ ಸಿಗಬಾರದು ಅಂತ ದೇಹ ಕಣಜಕ್ಕೆ ಬೀಗ ಹಾಕುತ್ತದೆ. ಆಗ ರಕ್ತದಲ್ಲಿ ಫೆರಿಟಿನ್ ಏರುತ್ತದೆ. ಬರಿದಾದ ಕಣಜವೂ ಅರ್ಧ ತುಂಬಿದಂತೆ ಕಾಣುತ್ತದೆ. ಡೆಂಗಿಯಲ್ಲಂತೂ ಸಾವಿರಗಟ್ಟಲೆ ಬರಬಹುದು, ಅದಕ್ಕೂ ನಿಮ್ಮ ಕಬ್ಬಿಣದ ಸಂಗ್ರಹಕ್ಕೂ ಸಂಬಂಧವಿಲ್ಲ.

ಹಾಗಾಗಿ ಜ್ವರ, ಟೈಫಾಯಿಡ್, ಮೂತ್ರದ ಸೋಂಕು, ಆಪರೇಷನ್, ಯಾವುದೇ ಆದರೂ ಪೂರ್ತಿ ವಾಸಿಯಾಗಿ ಎರಡು ಮೂರು ವಾರ ಬಿಡಿ. ಬಾಣಂತಿಯರು ಸುಮಾರು ಆರು ವಾರ ಕಾಯುವುದು ಒಳ್ಳೆಯದು. ಓಟದ ಸ್ಪರ್ಧೆ ಮುಗಿಸಿ ಮಾರನೇ ದಿನವೇ ಹೋಗಬೇಡಿ.

ಸಂಧಿವಾತ, ಕಿಡ್ನಿ ತೊಂದರೆಯಂಥ ವಾಸಿಯಾಗದ ಕಾಯಿಲೆ ಇರುವವರು ಯಾವ ದಿನ ಅಂತ ಕಾಯುವುದು? ಅವರು ಕಾಯಬೇಕಿಲ್ಲ. ಫೆರಿಟಿನ್ ಜೊತೆ ಸಿಆರ್‌ಪಿ ಮತ್ತು ಸ್ಯಾಚುರೇಷನ್ ಕಡ್ಡಾಯವಾಗಿ ಮಾಡಿಸಬೇಕು, ಅಷ್ಟೇ.

ಮುಟ್ಟಿನ ದಿನಗಳಲ್ಲಿ ಮಾಡಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮಾಡಿಸಬಹುದು. ಎರಡನೇ ಸಲವೂ ತಿಂಗಳ ಅದೇ ಹೊತ್ತಿಗೆ ಮಾಡಿಸಿದರೆ ಹೋಲಿಕೆ ಇನ್ನೂ ಚೆನ್ನ.

## ಹಂತ 3: ಹಿಂದಿನ ದಿನ ಏನು ಬಿಡಬೇಕು

ಬರೀ ಫೆರಿಟಿನ್ ಆದರೆ ಖಾಲಿ ಹೊಟ್ಟೆ ಬೇಡ, ಯಾವ ಹೊತ್ತಾದರೂ ಸರಿ. ಆದರೆ ಸೀರಮ್ ಐರನ್, ಟಿಐಬಿಸಿ ಜೊತೆಗಿದ್ದರೆ ರಾತ್ರಿ ಊಟವಾದ ಮೇಲೆ 8ರಿಂದ 10 ಗಂಟೆ ಬಿಟ್ಟು, ಬೆಳಿಗ್ಗೆ 10ರೊಳಗೆ ಹೋಗಿ. ನೀರು ಕುಡಿಯಿರಿ, ಧಾರಾಳವಾಗಿ ಕುಡಿಯಿರಿ, ನರ ಸುಲಭವಾಗಿ ಸಿಗುತ್ತದೆ. ಕಾಫಿ ಬೇಡ. "ಒಂದೇ ಒಂದು ಗುಟುಕು" ಕೂಡ ಬೇಡ.

ಐರನ್ ಮಾತ್ರೆ ಅಥವಾ ಟಾನಿಕ್ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ 24 ಗಂಟೆ ಮುಂಚೆ ನಿಲ್ಲಿಸಿ. ನಿಮ್ಮ ಲ್ಯಾಬ್ ಅಥವಾ ಡಾಕ್ಟರ್ ಇನ್ನೂ ಜಾಸ್ತಿ ದಿನ ಹೇಳಿದ್ದರೆ ಅವರು ಹೇಳಿದ ಹಾಗೆ ಮಾಡಿ. ಮಲ್ಟಿವಿಟಮಿನ್ ಡಬ್ಬಿಯಲ್ಲೂ ಐರನ್ ಅಡಗಿರುತ್ತದೆ, ಹಿಂಬದಿ ಓದಿ.

ಇನ್ನೊಂದು ಯಾರೂ ಹೇಳದ್ದು: ಬಯೋಟಿನ್. ಕೂದಲು ಉದುರುತ್ತದೆ ಅಂತ ದಿನಕ್ಕೆ 10 ಮಿ.ಗ್ರಾಂ ಬಯೋಟಿನ್ ನುಂಗುವವರು ಈಗ ಮನೆಗೊಬ್ಬರಿದ್ದಾರೆ. ಕೆಲವು ಯಂತ್ರಗಳಲ್ಲಿ ಅದು ಫೆರಿಟಿನ್ ಅಳತೆಗೆ ಅಡ್ಡ ಬಂದು, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ತಮಾಷೆ ನೋಡಿ, ಕೂದಲು ಉದುರಲು ಕಾರಣ ಹುಡುಕಲು ಹೊರಟವರ ಪರೀಕ್ಷೆಯನ್ನೇ ಕೂದಲಿನ ಮಾತ್ರೆ ಕೆಡಿಸುತ್ತದೆ. ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ನರದ ಮೂಲಕ ಐರನ್ ಡ್ರಿಪ್ ಹಾಕಿಸಿಕೊಂಡಿದ್ದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಎಂಟು ವಾರ ಬಿಡಿ. ಅದಕ್ಕೂ ಮುಂಚೆ ನೋಡಿದರೆ ಸಂಖ್ಯೆ ನೂರುಗಟ್ಟಲೆ ಏರಿ ಕೂತಿರುತ್ತದೆ, ಸುಮ್ನೆ ಗಾಬರಿ.

## ಹಂತ 4: ರಕ್ತ ಕೊಡುವಾಗ ಗಮನಿಸಿ

ಲ್ಯಾಬಿನವರ ಕೆಲಸದಲ್ಲಿ ತಲೆ ಹಾಕುವುದು ಅನ್ನಿಸಬಹುದು. ಆದರೂ ಎರಡು ವಿಷಯ ನೋಡಿ.

ಟ್ಯೂಬಿನ ಮುಚ್ಚಳದ ಬಣ್ಣ. ಸಿಬಿಸಿಗೆ ನೇರಳೆ ಮುಚ್ಚಳ. ಫೆರಿಟಿನ್, ಐರನ್, ಟಿಐಬಿಸಿಗೆ ಸಾಮಾನ್ಯವಾಗಿ ಹಳದಿ ಅಥವಾ ಕೆಂಪು. ಎಲ್ಲಕ್ಕೂ ಒಂದೇ ನೇರಳೆ ಟ್ಯೂಬು ತುಂಬಿಸಿದರೆ ಕೇಳಿಬಿಡಿ, ಏಕೆಂದರೆ ಅದರಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕ) ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಸೀರಮ್ ಐರನ್ ಲೆಕ್ಕವನ್ನೇ ಕೆಡಿಸುತ್ತದೆ. ಮನೆಗೆ ಬಂದು ರಕ್ತ ತೆಗೆಯುವವರಾದರೆ ನಿಮ್ಮ ಕಣ್ಣೆದುರೇ ಟ್ಯೂಬಿನ ಮೇಲೆ ಹೆಸರು ಬರೆಯಲಿ. ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಕೊಟ್ಟರೆ ಅದಲುಬದಲಾಗುವುದು ಎಷ್ಟು ಹೊತ್ತು?

ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು. ಮುಷ್ಟಿಯನ್ನು ಪದೇ ಪದೇ ಹಿಸುಕಬೇಡಿ. ತೆಗೆಯುವಾಗ ರಕ್ತಕಣ ಒಡೆದರೆ ರಿಪೋರ್ಟಿನ ಕೆಳಗೆ "ಹಿಮೋಲೈಸ್ಡ್ ಸ್ಯಾಂಪಲ್" ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅಂಥ ಸ್ಯಾಂಪಲ್ಲಿನ ಐರನ್ ಸಂಖ್ಯೆ ನಂಬಬೇಡಿ, ಮತ್ತೆ ತೆಗೆಸಿ.

ಸೂಜಿ ತೆಗೆದ ಮೇಲೆ ಮೊಣಕೈ ಮಡಚಬೇಡಿ. ಕೈ ನೀಟಿ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ನೀಲಿಗಟ್ಟುವುದಿಲ್ಲ. ರಕ್ತ ಕಂಡರೆ ತಲೆಸುತ್ತುವವರು ಮೊದಲೇ ಹೇಳಿ, ಮಲಗಿಸಿ ತೆಗೆಯುತ್ತಾರೆ.

## ಹಂತ 5: ರಿಪೋರ್ಟನ್ನು ಈ ಕ್ರಮದಲ್ಲಿ ಓದಿ

ಪಕ್ಕದಲ್ಲಿ ಛಾಪಿಸಿರುವ "ನಾರ್ಮಲ್ ರೇಂಜ್" ಸದ್ಯಕ್ಕೆ ಬೆರಳಿನಿಂದ ಮುಚ್ಚಿಕೊಳ್ಳಿ. ಕೆಲವು ಲ್ಯಾಬ್‌ಗಳಲ್ಲಿ ಹೆಂಗಸರ ರೇಂಜ್ 10ರಿಂದಲೇ ಶುರುವಾಗುತ್ತದೆ. ನನ್ನ 11ರ ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ. ಊರಲ್ಲಿ ಅರ್ಧ ಜನರ ಕಣಜ ಖಾಲಿ ಇದ್ದರೆ "ಸಾಮಾನ್ಯ" ಅನ್ನುವ ಪದಕ್ಕೆ ಏನು ಬೆಲೆ?

ಮೊದಲು ಸಿಆರ್‌ಪಿ. ಲೀಟರಿಗೆ 5 ಮಿ.ಗ್ರಾಂ ಒಳಗಿದ್ದರೆ ಫೆರಿಟಿನ್ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳಬಹುದು. ಮೇಲಿದ್ದರೆ ಕಣಜಕ್ಕೆ ಬೀಗ ಬಿದ್ದಿದೆ, ಅಳತೆಗೋಲು ಬದಲಾಗುತ್ತದೆ.

ಆಮೇಲೆ ಫೆರಿಟಿನ್. ಎನ್‌ಜಿ/ಎಂಎಲ್ ಅಂತಿದ್ದರೂ ಮೈಕ್ರೋಗ್ರಾಂ/ಲೀಟರ್ ಅಂತಿದ್ದರೂ ಸಂಖ್ಯೆ ಒಂದೇ, ಗುಣಿಸುವುದು ಭಾಗಿಸುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಆರೋಗ್ಯವಾಗಿರುವ ದೊಡ್ಡವರಲ್ಲಿ 15ಕ್ಕಿಂತ ಕಡಿಮೆ, ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಸೋಂಕು ಅಥವಾ ಉರಿಯೂತ ಇದ್ದರೆ ಇದೇ ಗಡಿ ದೊಡ್ಡವರಿಗೆ 70, ಪುಟ್ಟ ಮಕ್ಕಳಿಗೆ 30.

15ರ ಮೇಲೆ ಬಂದರೆ ಎಲ್ಲಾ ಸರಿ ಅಂತಲ್ಲ. ಆರೋಗ್ಯವಂತರಲ್ಲಿ ಫೆರಿಟಿನ್‌ನ ಒಂದೊಂದು ಅಂಕಕ್ಕೆ ಸುಮಾರು 8 ಮಿ.ಗ್ರಾಂ ಕಬ್ಬಿಣ ಅಂತ ಅಂದಾಜು. 20 ಅಂದರೆ 160 ಮಿ.ಗ್ರಾಂ. ಒಂದು ಸಲ ರಕ್ತದಾನ ಮಾಡಿದರೆ ಸಾಲ ಮಾಡಬೇಕಾದ ಸ್ಥಿತಿ! ಅದಕ್ಕೇ ಎಷ್ಟೋ ವೈದ್ಯರು 30ಕ್ಕಿಂತ ಕಡಿಮೆ ಇದ್ದರೆ, ಅದರಲ್ಲೂ ಗರ್ಭಿಣಿಯರಿಗೆ, ಚಿಕಿತ್ಸೆ ಕೊಡುತ್ತಾರೆ. ಹೀಮೋಗ್ಲೋಬಿನ್ ಕೂಡ ಕಡಿಮೆ ಇದ್ದವರಿಗೆ ಅಮೆರಿಕದ ಹೊಟ್ಟೆ-ಕರುಳು ತಜ್ಞರ ಸಂಘ 45ರವರೆಗೂ ಕೊರತೆ ಅಂತಲೇ ಎಣಿಸಲು ಹೇಳುತ್ತದೆ.

ಮೂರನೆಯದು ಸ್ಯಾಚುರೇಷನ್. ರಿಪೋರ್ಟಿನಲ್ಲಿ ಇಲ್ಲದಿದ್ದರೆ ಸೀರಮ್ ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಐರನ್ 40, ಟಿಐಬಿಸಿ 400 ಇದ್ದರೆ ಶೇ 10. ಶೇ 20ಕ್ಕಿಂತ ಕಡಿಮೆ ಅಂದರೆ ಅಡುಗೆಮನೆಗೆ ಸಾಕಷ್ಟು ಬರುತ್ತಿಲ್ಲ. ಫೆರಿಟಿನ್ 80, ಆದರೆ ಸ್ಯಾಚುರೇಷನ್ 12, ಸಿಆರ್‌ಪಿ ಜಾಸ್ತಿ. ಇದು ಬೀಗ ಬಿದ್ದ ಕಣಜದ ಚಿತ್ರ. ಕಿಡ್ನಿ ಮತ್ತು ಹೃದಯದ ತೊಂದರೆ ಇರುವವರಲ್ಲಿ ಫೆರಿಟಿನ್ 100ಕ್ಕಿಂತ ಕಡಿಮೆ ಇದ್ದರೂ ಕೊರತೆ ಎಂದು ನೋಡುತ್ತಾರೆ, ಅದನ್ನು ಅವರವರ ಡಾಕ್ಟರ್ ಹೇಳಲಿ.

ಕೊನೆಗೆ ಎಂಸಿವಿ. ಇದನ್ನು ಬಿಟ್ಟುಬಿಟ್ಟು ವರ್ಷಗಟ್ಟಲೆ ಐರನ್ ಮಾತ್ರೆ ತಿಂದವರನ್ನು ನೋಡಿದ್ದೇನೆ. ಎಂಸಿವಿ 80ಕ್ಕಿಂತ ತುಂಬಾ ಕೆಳಗೆ, ಫೆರಿಟಿನ್ ಮಾತ್ರ ಚೆನ್ನಾಗಿದೆ, ಕೆಂಪುಕಣಗಳ ಸಂಖ್ಯೆ 5ರ ಮೇಲಿದೆ ಅಂದರೆ ತಲಸ್ಸೇಮಿಯಾ (ಹೀಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಕಾಯಿಲೆ) ವಾಹಕರಾಗಿರಬಹುದು. ಒಂದು ಸಣ್ಣ ಲೆಕ್ಕ: ಎಂಸಿವಿಯನ್ನು ಕೆಂಪುಕಣಗಳ ಸಂಖ್ಯೆಯಿಂದ ಭಾಗಿಸಿ. 64ನ್ನು 5.6ರಿಂದ ಭಾಗಿಸಿದರೆ 11.4. ಉತ್ತರ 13ಕ್ಕಿಂತ ಕಡಿಮೆ ಬಂದರೆ ಆ ಕಡೆ ಅನುಮಾನ. ಇದು ಸುಳಿವಷ್ಟೇ, ಖಾತ್ರಿ ಮಾಡುವುದು ಎಚ್‌ಪಿಎಲ್‌ಸಿ ಅನ್ನುವ ರಕ್ತಪರೀಕ್ಷೆ. ಮದುವೆಗೆ, ಮಗುವಿಗೆ ತಯಾರಾಗುತ್ತಿರುವವರು ಇದನ್ನು ಮುಂದೂಡಬೇಡಿ, ಗಂಡ ಹೆಂಡತಿ ಇಬ್ಬರದ್ದೂ ನೋಡಿಸಿ. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎಚ್‌ಪಿಎಲ್‌ಸಿ ಉತ್ತರ ಮಸುಕಾಗಬಹುದು, ಕೊರತೆ ಇದೆ ಅಂತ ಡಾಕ್ಟರಿಗೆ ಹೇಳಿ. (ಶುಗರ್ ಇರುವವರಿಗೆ: ಕಬ್ಬಿಣ ಕಡಿಮೆ ಇದ್ದರೆ ಎಚ್‌ಬಿಎ1ಸಿ ಕೂಡ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು.)

ಫೆರಿಟಿನ್ ಜಾಸ್ತಿ ಬಂದರೆ? ಗಂಡಸರಲ್ಲಿ 200, ಮುಟ್ಟಾಗುವ ಹೆಂಗಸರಲ್ಲಿ 150 ದಾಟಿದರೆ ಕಾರಣ ಹುಡುಕಬೇಕು. ಹೆಚ್ಚಿನ ಸಲ ಕಣಜ ತುಂಬಿ ತುಳುಕುತ್ತಿರುವುದಿಲ್ಲ. ಫ್ಯಾಟಿ ಲಿವರ್, ಕುಡಿತ, ಸಕ್ಕರೆ ಕಾಯಿಲೆ, ಸೋಂಕು ಇವೇ ಕಾರಣ. ಸ್ಯಾಚುರೇಷನ್ 45 ದಾಟಿದ್ದರೆ ಮಾತ್ರ ನಿಜಕ್ಕೂ ಕಬ್ಬಿಣ ಜಾಸ್ತಿ ಇರುವ ಅನುಮಾನ ಬಲವಾಗುತ್ತದೆ. 1000 ದಾಟಿದರೆ ಅಂತರ್ಜಾಲದಲ್ಲಿ ಹುಡುಕುತ್ತಾ ಕೂರದೆ ಡಾಕ್ಟರನ್ನು ಕಾಣಿ.

## ಹಂತ 6: ಕಣಜಕ್ಕೆ ಇಲಿ ಬಿದ್ದಿದೆಯಾ ನೋಡಿ

ಫೆರಿಟಿನ್ ಕಡಿಮೆ ಅನ್ನುವುದು ಕಾಯಿಲೆಯ ಹೆಸರಲ್ಲ. ರಾಗಿ ಎಲ್ಲಿ ಹೋಯಿತು ಅನ್ನುವುದು ಮುಂದಿನ ಪ್ರಶ್ನೆ. ಡಾಕ್ಟರ್ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಇದನ್ನೆಲ್ಲ ಬರೆದುಕೊಂಡು ಹೋಗಿ, ಅಲ್ಲಿ ಕೂತಾಗ ಏನೂ ನೆನಪಾಗುವುದಿಲ್ಲ.

ಮುಟ್ಟು ಎಷ್ಟು ದಿನ, ಎಷ್ಟು ಗಂಟೆಗೊಮ್ಮೆ ಪ್ಯಾಡ್ ಬದಲಿಸುತ್ತೀರಿ, ಗಡ್ಡೆಗಡ್ಡೆ ಹೋಗುತ್ತದಾ. "ಎಲ್ಲರಿಗೂ ಹಾಗೇ ತಾನೇ" ಅಂತ ಬಿಡಬೇಡಿ. ಮೂಲವ್ಯಾಧಿ ಇದೆಯಾ. ಮಂಡಿನೋವಿಗೆ ದಿನಾ ನೋವಿನ ಮಾತ್ರೆ ನುಂಗುತ್ತೀರಾ. ಗ್ಯಾಸ್ ಮಾತ್ರೆ ವರ್ಷಗಳಿಂದ ನಡೆದಿದೆಯಾ. ಹೊಲ ತೋಟದಲ್ಲಿ ಬರಿಗಾಲಲ್ಲಿ ಓಡಾಡುತ್ತೀರಾ, ಕೊಕ್ಕೆಹುಳು ಪಾದದಿಂದಲೇ ಒಳಗೆ ಹೋಗುತ್ತದೆ. ಊಟ ಮುಗಿದ ತಕ್ಷಣ ಕಾಫಿ, ಟೀ ಕುಡಿಯುವ ರೂಢಿಯೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ.

ನಾಚಿಕೆಪಟ್ಟು ಮುಚ್ಚಿಡುವ ಇನ್ನೊಂದು ವಿಷಯವಿದೆ. ಬಳಪ, ವಿಭೂತಿ, ಹಸಿ ಅಕ್ಕಿ, ಗೋಡೆ ಮಣ್ಣು, ಐಸ್ ತಿನ್ನುವ ಆಸೆ. ನಮ್ಮ ದೊಡ್ಡಮ್ಮ ಸೆರಗಿನ ಗಂಟಿನಲ್ಲಿ ಬಳಪದ ಚೂರು ಇಟ್ಟುಕೊಂಡಿರುತ್ತಿದ್ದರು, ಮಕ್ಕಳು ನಗುತ್ತಿದ್ದೆವು. ಅದು ಚಪಲವಲ್ಲ, ಕಬ್ಬಿಣದ ಕೊರತೆಯ ಲಕ್ಷಣ ಇರಬಹುದು. ಹೇಳಿಬಿಡಿ.

ಗಂಡಸರು ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ಕಡಿಮೆ ಬಂದರೆ ಮಾತ್ರೆ ತೆಗೆದುಕೊಂಡು ಸುಮ್ಮನಾಗುವ ಹಾಗಿಲ್ಲ. ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯಾ ಅಂತ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಲು ಹೇಳಬಹುದು. ತೂಕವೂ ಇಳಿಯುತ್ತಿದ್ದರೆ ಇನ್ನೂ ಬೇಗ. ಹೆದರಿ ತಪ್ಪಿಸಿಕೊಳ್ಳಬೇಡಿ.

## ಹಂತ 7: ಮಾತ್ರೆ ಶುರುವಾದ ಮೇಲೆ ಮತ್ತೆ ಯಾವಾಗ

ಮಾತ್ರೆಯ ಪ್ರಮಾಣ ಡಾಕ್ಟರ್ ಹೇಳಿದ್ದೇ. ನೀವು ನೋಡಬೇಕಾದ್ದು ಮಾತ್ರೆ ಪಟ್ಟಿಯ ಹಿಂಬದಿಯ "ಎಲಿಮೆಂಟಲ್ ಐರನ್" (ಮಾತ್ರೆಯಲ್ಲಿರುವ ನಿಜವಾದ ಕಬ್ಬಿಣ) ಎಷ್ಟು ಅನ್ನುವುದು, ಏಕೆಂದರೆ ಮೈಗೆ ಲೆಕ್ಕಕ್ಕೆ ಬರುವುದು ಅದೇ. ಸರ್ಕಾರದಿಂದ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ ಅದು 60 ಮಿ.ಗ್ರಾಂ. ಹೊಟ್ಟೆ ತೊಳಸಿದರೆ ನಿಲ್ಲಿಸಿಬಿಡಬೇಡಿ. ದಿನ ಬಿಟ್ಟು ದಿನ ಒಂದರಂತೆ ತೆಗೆದುಕೊಳ್ಳಬಹುದಾ ಅಂತ ಕೇಳಿ, ಎಷ್ಟೋ ಜನರಿಗೆ ಹಾಗೆ ತೆಗೆದುಕೊಂಡರೆ ಒಂದೊಂದು ಮಾತ್ರೆಯಿಂದ ಮೈಗೆ ಹತ್ತುವುದೂ ಜಾಸ್ತಿ. ನಿಂಬೆ ಪಾನಕದ ಜೊತೆ ಸರಿ. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆಯಿಂದ ದೂರ ಇರಲಿ. ಪುಟ್ಟ ಮಕ್ಕಳ ಕೈಗೆ ಮಾತ್ರ ಸಿಗಬಾರದು. ಮಿಠಾಯಿ ಅಂದುಕೊಂಡು ನಾಲ್ಕಾರು ನುಂಗಿದರೆ ಪ್ರಾಣಕ್ಕೇ ಅಪಾಯ.

ಮೊದಲು ತುಂಬುವುದು ಡಬ್ಬಿ, ಆಮೇಲೆ ಕಣಜ. ಹಾಗಾಗಿ ನಾಲ್ಕು ವಾರಕ್ಕೆ ನೋಡಬೇಕಾದ್ದು ಹೀಮೋಗ್ಲೋಬಿನ್. ಕಡಿಮೆ ಇದ್ದದ್ದು ಸುಮಾರು 2 ಗ್ರಾಂ ಏರಿದ್ದರೆ ಮಾತ್ರೆ ಹಿಡಿಯುತ್ತಿದೆ ಅಂತ ಅರ್ಥ. ಅಲುಗಾಡಿಲ್ಲ ಅಂದರೆ ಹಂತ 6ಕ್ಕೆ ವಾಪಸ್ ಹೋಗಿ: ಇಲಿ ಇನ್ನೂ ಇದೆ, ಇಲ್ಲವೇ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಇಲ್ಲವೇ ಕಾಯಿಲೆಯೇ ಬೇರೆ. ಫೆರಿಟಿನ್ ನೋಡಿಸುವುದು ಸುಮಾರು ಮೂರು ತಿಂಗಳಿಗೆ. ಅದೇ ಲ್ಯಾಬ್, ಬೆಳಗಿನ ಅದೇ ಹೊತ್ತು, ಜ್ವರ ನೆಗಡಿ ಇಲ್ಲದ ದಿನ. ಯಂತ್ರ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ, ಆಗ ಏರಿದ್ದು ಕಬ್ಬಿಣವೋ ಯಂತ್ರವೋ ಗೊತ್ತಾಗುವುದಿಲ್ಲ.

ಹೀಮೋಗ್ಲೋಬಿನ್ ಸರಿಹೋದ ದಿನವೇ ಮಾತ್ರೆ ಬಿಡುವುದು ಕೊನೆಯ ದೊಡ್ಡ ತಪ್ಪು. ಅದಾದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ, ಕಣಜ ತುಂಬಲಿ ಅಂತ. ನನ್ನ 11 ಮೊದಲ ಮೂರು ತಿಂಗಳಿಗೆ 24 ಆಯಿತು, ಆರು ತಿಂಗಳಿಗೆ 47. ಸಂಖ್ಯೆಗಿಂತ ಮೊದಲು ಬದಲಾದದ್ದು ಬಾಚಣಿಗೆಗೆ ಬರುವ ಕೂದಲಲ್ಲ, ಮೆಟ್ಟಿಲು ಹತ್ತುವುದು. ನಡುವೆ ನಿಲ್ಲದೆ ಎರಡನೇ ಮಹಡಿಗೆ ಹೋಗಿದ್ದೆ ಅನ್ನುವುದು ಬಾಗಿಲ ಬೀಗ ತೆಗೆಯುವಾಗ ಹೊಳೆಯಿತು.